ಏಳು ಜನರಿಗೆ ಒಂದೇ ಎದೆ

…ಆಣೆ ಬೇಕಾ? ತಗೋ, ಭದ್ರೆ ನೀರು ಕುಡಿದು ಬೆಳೆದ ಈ ನಾಲಿಗೆ ಮೇಲೆ ಆಣೆ. ನಿಮ್ಮ ಜಟ್ಟಪ್ಪ ಮಾವ ಈಗ ಹೇಳೋದರಲ್ಲಿ ಒಂದಕ್ಷರ ಸುಳ್ಳಿಲ್ಲ. ಯಾಕೆ ನಗ್ತೀಯ ಲಿಖಿತಾ? ನಿಮ್ಮಮ್ಮ ಹೇಳಿಕೊಟ್ಟಿರ್ತಾಳೆ, ನಮ್ಮಣ್ಣ ಹತ್ತು ಮಾತಾಡಿದ್ರೆ ಅದರಲ್ಲಿ ಹನ್ನೊಂದು ಸುಳ್ಳು ಅಂತ. ಅವಳಿಗೆ ಲೆಕ್ಕ ಸ್ಕೂಲಿಂದಲೂ ಬರಲ್ಲ.

ನಿನ್ನ ಗೆಳತಿ ಬಿಂದುಶ್ರೀ ಎಲ್ಲಿಗೆ ಹೋದ್ಲು, ಟೀ ಕುಡಿಯೋಕಾ? ಹೋಗಲಿ ಬಿಡು. ನಿನ್ನ ಟೋಕನ್ನು ನಲವತ್ತೊಂದು, ಇಸಿಜಿ ರೂಮಿನ ಒಳಗಿರೋದು ಮೂವತ್ತಾರು. ಬೇಕಾದಷ್ಟು ಟೈಮಿದೆ. ನಾನೇನು ನಿಮ್ಮನ್ನ ತಡೆಯೋಕೆ ಬಂದಿಲ್ಲ ಮಾರಾಯ್ತಿ. ಭದ್ರಾವತಿಯಿಂದ ಶಿವಮೊಗ್ಗದ ತನಕ ಹಿಂದಿನ ಸೀಟಲ್ಲಿ ಕೂತು ಪಿಸುಪಿಸು ಅಂತ ಪ್ಲಾನು ಹಾಕಿದ್ರಲ್ಲ, ಮುಂದಿನ ಸೀಟಲ್ಲಿ ಕೂತ ಮಾವನಿಗೆ ಕಿವಿ ಇರಲ್ವಾ?

ಸ್ಟೇಟ್ ಮೀಟ್‌ಗೆ ಹೋಗೋ ಓಟಗಾರರೆಲ್ಲ ಹೃದಯದ ಪರೀಕ್ಷೆ ಮಾಡಿಸ್ಕೊಂಡು ಇಸಿಜಿ ಕಾಗದ ಕೋಚ್ ಕೈಗೆ ಕೊಡಬೇಕು. ಬಿಂದುಶ್ರೀದು ಹೋದ ವಾರ ಆಯ್ತು, ಚೆನ್ನಾಗಿದೆ. ಹಾಗಾಗಿ ಇವತ್ತು ನಿನ್ನ ಚೀಟಿ ಹಿಡ್ಕೊಂಡು, ನಾನೇ ಲಿಖಿತಾ ಅಂದ್ಕೊಂಡು, ಅವಳೇ ಇನ್ನೊಂದು ಸಲ ಒಳಗೆ ಹೋಗಿ ಮಲಗೋದು. ಸರಿನಾ? ಚೀಟಿಯಲ್ಲಿ ಫೋಟೋ ಬೇರೆ ಇಲ್ಲ… ತಲೆ ಯಾಕೆ ತಗ್ಗಿಸ್ತೀಯ? ಬೈತೀನಿ ಅಂದ್ಕೊಂಡ್ಯಾ? ಈ ವಿದ್ಯೆಗೆ ಮೂಲಗುರುವೇ ನಾನು ಕಣೆ. ನಿಮ್ಮದೇನು, ಒಬ್ಬಳಿಗೆ ಒಬ್ಬಳು. ನಾನು ಒಬ್ಬನೇ ಏಳು ಜನಕ್ಕೆ ಮಲಗಿದವನು.

ಹ್ಞಾಂ, ಈಗ ತಲೆ ಎತ್ತಿದೆ ನೋಡು.

ನೀನಾಗ ಅಂಗನವಾಡೀಲಿ ಉಪ್ಪಿಟ್ಟು ತಿಂತಿದ್ದೆ. ಪೇಪರ್ ಮಿಲ್ಲಿನ ಕಾಗದನಗರದ ಕ್ವಾರ್ಟರ್ಸ್ ಹುಡುಗರದ್ದೇ ಒಂದು ಕಬಡ್ಡಿ ಟೀಮು, ಅದಕ್ಕೆ ನಾನೇ ಕ್ಯಾಪ್ಟನ್ನು. ನಾನು ರೈಡಿಗೆ ಹೊರಟೆ ಅಂದ್ರೆ ಎದುರು ಟೀಮಿನವರು ತಾವಾಗೇ ಔಟಾಗಿ ಆಚೆ ಹೋಗಿ ಕೂತ್ಕೋತಿದ್ರು, ಸುಮ್ನೆ ಮೈಕೈ ಯಾಕೆ ನೋಯಿಸ್ಕೋಬೇಕು ಅಂತ. ಇದನ್ನ ಬೇಕಾದ್ರೆ ಅರ್ಧ ನಂಬು. ಆ ವರ್ಷ ಊರಲ್ಲಿ ದೊಡ್ಡ ಟೂರ್ನಮೆಂಟು. ನಡೆಸೋರು ಹೊಸ ರೂಲ್ಸು ತಂದ್ರು: ಆಡೋ ಪ್ರತಿಯೊಬ್ಬನೂ ಇಸಿಜಿ ಕೊಡಬೇಕು, ಇಲ್ಲದಿದ್ರೆ ಅಂಕಣಕ್ಕೆ ಕಾಲಿಡೋ ಹಾಗಿಲ್ಲ. ಯಾವುದೋ ಸಂಘದವರು ಛತ್ರದಲ್ಲಿ ಫ್ರೀಯಾಗಿ ಕ್ಯಾಂಪು ಇಟ್ಟಿದ್ರು. ಒಂದು ಮಂಚ, ಒಂದು ಮಿಷನ್ನು, ಒಬ್ಬ ಕನ್ನಡಕದ ಮನುಷ್ಯ.

ನಾನೇ ಏಳು ಸಲ ಹೋದೆ. ಏಳು ಹೆಸರು, ಏಳು ಅಂಗಿ. ಮೊದಲನೇ ಸಲ ಗಿರಿಜಾ ಮೀಸೆ. ಎರಡನೇ ಸಲಕ್ಕೆ ನಲ್ಲಿ ಹತ್ತಿರ ಹೋಗಿ ಬ್ಲೇಡಲ್ಲಿ ಎರಡೂ ತುದಿ ಕತ್ತರಿಸಿದೆ. ಮೂರನೇ ಸಲಕ್ಕೆ ಮೂಗಿನ ಕೆಳಗೆ ಬೆರಳಗಲ ಉಳಿದಿತ್ತು, ನಾಲ್ಕನೇ ಸಲಕ್ಕೆ ಅದೂ ಇಲ್ಲ. ಐದಕ್ಕೆ ಹಣೆ ತುಂಬ ವಿಭೂತಿ. ಆರಕ್ಕೆ ಕುಂಟಿದೆ. ಕುಂಟೋನು ಕಬಡ್ಡಿ ಹೆಂಗೆ ಆಡ್ತಾನೆ ಅಂತ ಆತ ಕೇಳ್ಲಿಲ್ಲ, ಪುಣ್ಯ. ಏಳಕ್ಕೆ ನನ್ನ ಹತ್ತಿರ ವೇಷ ಖಾಲಿ, ಹೊಟ್ಟೆ ಎಳ್ಕೊಂಡು ಹೋಗಿ ಮಲಗಿದೆ.

ಆದರೆ ಮುಖ ಮರೆಸಬಹುದು, ಎದೆ ಮರೆಸೋಕಾಗುತ್ತಾ? ಆ ಮಿಷನ್ನಿಗೆ ಎದೆ ಕಚ್ಕೊಳ್ಳೋ ರಬ್ಬರ್ ಬುಗ್ಗೆ ಆರು ಇರ್ತವೆ. ತೆಗೆದ ಮೇಲೂ ಕೆಂಪಗೆ ದುಂಡನೆ ಗುರುತು. ಐದನೇ ಸಲ ಆತ ಕನ್ನಡಕ ಏರಿಸಿ ಕೇಳಿದ, ‘ಏನ್ರೀ ಇದು, ನಿಮ್ಮ ಟೀಮಲ್ಲಿ ಯಾರೇ ಬಂದ್ರೂ ಎದೆ ಮೇಲೆ ಆರು ಉಂಗುರ?’ ನಾನಂದೆ, ‘ನಮ್ಮ ಲೈನ್ ಮನೆಗಳಲ್ಲಿ ಎಲ್ರಿಗೂ ಹುಟ್ಟುಮಚ್ಚೆ ಸಾರ್, ನೀರಿನ ಗುಣ.’ ಆತ ನೀರಿನ ಗುಣ ಅಂತ ಬರ್ಕೊಂಡ್ನೋ ಏನೋ.

ನಗು, ನಗು. ಎದುರಿಗಿರೋ ಅಜ್ಜಿಯೂ ನಗ್ತಿದೆ ನೋಡು.

ಆಮೇಲೆ ಏಳೂ ಕಾಗದ ಮೇಜಿನ ಮೇಲೆ ಸಾಲಾಗಿ ಇಟ್ರೆ ಒಂದೇ ಬೆಟ್ಟ, ಒಂದೇ ಕಣಿವೆ. ಟೂರ್ನಮೆಂಟ್ ನಡೆಸೋರು ಮೈಕಲ್ಲೇ ಹೊಗಳಿದ್ರು, ‘ಕಾಗದನಗರದ ತಂಡ ನೋಡಿ, ಏಳು ಜನರ ಎದೆಯೂ ಒಂದೇ ತಾಳಕ್ಕೆ ಹೊಡ್ಕೊಳ್ಳುತ್ತೆ, ಒಗ್ಗಟ್ಟು ಅಂದ್ರೆ ಇದು.’ ನಾವು ಎದ್ದು ಕೈಮುಗಿದ್ವಿ.

ಏನು? ಏಳು ಜನಕ್ಕೂ ಯಾಕೆ ಅಂತಲಾ? ಸೋಮಾರಿತನ ಕಣೆ. ಬಿಸಿಲು, ಕ್ಯೂ… ಅಲ್ಲ, ಒಬ್ಬನಿಗೆ ಅಂತ ಶುರುವಾಯ್ತು. ಏಕಾಂತಪ್ಪ ಅಂತ. ನಮ್ಮ ಪಕ್ಕದ ಮನೆಯವನು, ನನ್ನ ಓರಗೆಯವನು. ಟೀಮಿನ ನಿಜವಾದ ರೈಡರ್ ಅಂದ್ರೆ ಅವನು. ಇದನ್ನ ಇಲ್ಲಿಯವರೆಗೆ ನಾನು ಯಾರ ಹತ್ರಾನೂ ಒಪ್ಕೊಂಡಿಲ್ಲ, ನೀನೂ ಹೇಳೋಕೆ ಹೋಗಬೇಡ. ಟೂರ್ನಮೆಂಟಿಗೆ ಹದಿನೈದು ದಿನ ಮುಂಚೆ ಪ್ರಾಕ್ಟೀಸಲ್ಲಿ ಅವನಿಗೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಕೇಳಿದ್ರೆ, ಬೆಳಗ್ಗೆ ತಿಂಡಿ ತಿಂದಿಲ್ಲ ಅಂದ.

ನೀನೂ ಅದೇ ಅಂದ್ಯಂತೆ. ಎಂಟುನೂರು ಮೀಟರಿನ ಕೊನೇ ತಿರುವಲ್ಲಿ ಬಿದ್ದು, ಎದ್ದು, ತಿಂಡಿ ತಿಂದಿಲ್ಲ ಅಂತ. ಆ ದಿನ ನಿಮ್ಮ ಮನೇಲಿ ನಾನೇ ಇದ್ದೆ. ಐದು ದೋಸೆ ತಿಂದೆ ನೀನು.

ಇರಲಿ, ಉಗುರು ಕಚ್ಚಬೇಡ. ನಿನ್ನ ಭಯ ನನಗೆ ಗೊತ್ತು. ಮಿಷನ್ನಲ್ಲಿ ಏನಾದ್ರೂ ಸಿಕ್ಕಿದ್ರೆ ಟೀಮಿಂದ ಹೆಸರು ಹೊಡೀತಾರೆ, ಮೂರು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಓಡಿದ್ದೆಲ್ಲ ನೀರುಪಾಲು. ಏಕಾಂತನೂ ಇದನ್ನೇ ಅಂದ. ‘ಜಟ್ಟ, ನನ್ನ ಎದೆ ತೋರಿಸಿದ್ರೆ ಆಚೆ ಹಾಕ್ತಾರೆ, ಒಂದು ಸಲ ನೀನೇ ಮಲಗ್ಬಿಡೋ’ ಅಂತ. ಸ್ನೇಹಿತ ಅಲ್ವಾ, ಹೂಂ ಅಂದೆ. ಒಬ್ಬನಿಗೆ ಮಲಗಿದ್ದು ಗೊತ್ತಾಗಿ ಉಳಿದೋರೂ ಗಂಟುಬಿದ್ರು.

ಆಮೇಲೆ ಒಬ್ಬರು ಡಾಕ್ಟರು ನನಗೆ ಬಿಡಿಸಿ ಹೇಳಿದ್ರು. ಓಡೋರ, ಆಡೋರ ಹೃದಯ ತೋಳಿನ ಹಾಗೇ ದಪ್ಪ ಆಗುತ್ತಂತೆ, ಬಡಿತ ನಿಧಾನ ಆಗುತ್ತಂತೆ, ಅದು ರೋಗ ಅಲ್ಲ. ಆದರೆ ಕೆಲವರಿಗೆ ಹುಟ್ಟಿನಿಂದಲೇ ಬೇರೆ ಥರ ದಪ್ಪ ಇರುತ್ತೆ, ಇನ್ನು ಕೆಲವರಿಗೆ ಒಳಗಿನ ಕರೆಂಟೇ ದಾರಿ ತಪ್ಪುತ್ತೆ. ಹೊರಗಿಂದ ಎಲ್ಲರೂ ಒಂದೇ ಥರ ಗಟ್ಟಿ. ಒಳಗೆ ಹೆಂಗಿದೆ ಅಂತ ಹಲಸಿನಕಾಯಿ ತಟ್ಟಿ ನೋಡಲ್ವಾ, ಇಸಿಜಿನೂ ಹಾಗೆ. ಈ ಕಾಗದದಲ್ಲಿ ಅನುಮಾನ ಬಂದ್ರೆ ಇನ್ನೊಂದು ಮಿಷನ್ನಲ್ಲಿ ನೋಡ್ತಾರೆ. ತುಂಬ ಜನಕ್ಕೆ ಏನೂ ಇರಲ್ಲ, ಓಡು ಹೋಗು ಅಂತಾರೆ. ಕೆಲವರಿಗೆ ಔಷಧಿ ಕೊಟ್ಟು ಓಡು ಅಂತಾರೆ. ಕೆಲವರಿಗೆ… ಬೇಡ ಅಂತಾರೆ. ಹೌದು, ಅದೂ ಇದೆ. ನಾನ್ಯಾಕೆ ಮುಚ್ಚಿಡಲಿ?

ಮ್ಯಾಚಿಂದು ಹೇಳ್ತೀನಿ ಕೇಳು. ಸೆಮಿಫೈನಲ್ಲು, ಕೊನೇ ರೈಡು, ನಮಗೆ ಎರಡು ಪಾಯಿಂಟ್ ಕಮ್ಮಿ. ಏಕಾಂತ ಹೋದ. ಮೂರು ಜನರನ್ನ ಮುಟ್ಟಿದ, ಮೂರು ಜನ. ತಿರುಗಿ ಎಗರಿದ, ಕೈ ಗೆರೆ ದಾಟ್ತು, ಅಲ್ಲೇ ಮಕಾಡೆ ಬಿದ್ದ. ವಿಷಲ್ ಆಯ್ತು, ನಾವೆಲ್ಲ ಕುಣಿಯೋಕೆ ಶುರು ಮಾಡಿದ್ವಿ. ಅವನು ಮಲಗೇ ಇದ್ದಾನೆ. ನಾಟಕ ಮಾಡ್ತಾನೆ ಬಡ್ಡಿಮಗ ಅಂತ ನಾನೇ ಹೋಗಿ ಕಾಲಲ್ಲಿ ತಿವಿದೆ… ಆಮೇಲೆ ನೀರು ಹಾಕಿದ್ವಿ. ಎದ್ದು ಕೂತ. ಕೂತು, ‘ಎಷ್ಟು ಪಾಯಿಂಟು?’ ಅಂದ. ಮೂರು ಅಂದೆ. ಈಗ ಗಾಜನೂರಲ್ಲಿ ಡ್ಯಾಮಿನ ಹತ್ತಿರ ಹೋಟ್ಲು ಇಟ್ಟಿದ್ದಾನೆ, ಮೀನು ಕರೀತಾನೆ, ಇಷ್ಟು ದಪ್ಪ ಆಗಿದ್ದಾನೆ, ಬಾಗಿಲಲ್ಲಿ ಹಿಡಿಯಲ್ಲ.

…ನಗಬೇಕಾದ್ದು ಇಲ್ಲಿ ಕಣೆ.

ಏನು ಹಾಗೆ ನೋಡ್ತೀಯ? ಹೋಟ್ಲು ಎಲ್ಲಿ ಅಂದ್ರೆ… ಆ ಕಡೆ. ಸೇತುವೆ ಹತ್ರ. ಬೋರ್ಡು ಇಲ್ಲ, ಚಿಕ್ಕದು. ಫೋನ್ ಯಾಕೆ ತೆಗೀತಿದ್ದೀಯ? ಅವನ ನಂಬರ್ ನನ್ನ ಹತ್ರ ಇಲ್ಲ. ಸ್ನೇಹಿತನ ನಂಬರೇ ಇಲ್ವಾ ಅಂದ್ರೆ… ಎಲ್ಲರ ನಂಬರೂ ಇರಬೇಕಾ? ಯಾಕೆ ಇಲ್ಲೀವರೆಗೂ ನಿನ್ನ ಕರ್ಕೊಂಡು ಹೋಗಿಲ್ಲ ಅಂದ್ರೆ… ದೂರ ಕಣೆ. ದೂರ ಏನಿಲ್ಲ, ಹೌದು.

ಬಿಂದು ಬಂದ್ಲು. ನಲವತ್ತೊಂದು ಕರೀತಿದ್ದಾರೆ.

ಅರೆ, ನೀನ್ಯಾಕೆ ಎದ್ದೆ? ಚೀಟಿ ಅವಳ ಕೈಲೇ… ಇಸ್ಕೊಂಡ್ಯಾ? ಸರಿ. ಹೋಗು ಮಗಳೆ, ಒಳಗೆ ಹೆಂಗಸರೇ ಇದ್ದಾರೆ, ಐದು ನಿಮಿಷ. ಬಾಗಿಲಲ್ಲಿ ಯಾಕೆ ನಿಂತೆ? ಹೋಗು ಅಂದ್ನಲ್ಲ. ಹೀಗೆ ತಿರುಗಿ ನೋಡ್ತಾ ನಿಂತ್ರೆ…

ಮೀಸೆ ಬೋಳಿಸಿದ್ದು ನಿಜ ಲಿಖಿತಾ. ಆರು ಉಂಗುರ ನಿಜ. ಮೂರು ಪಾಯಿಂಟೂ ನಿಜ, ನಾವು ಗೆದ್ವಿ. ಎದ್ದು ಕೂತ ಅಂದ್ನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು.