ಮೇಜಿನ ಮೇಲಿನ ಮುಳಬಾಗಿಲು ಯುದ್ಧ

ಮಾರಿಕುಪ್ಪಂ ರೈಲಿನಲ್ಲಿ ನನ್ನೆದುರು ಮುನೀಂದ್ರ, ವೇಣು ಎಂಬ ಗೆಳೆಯರು ಜಗಳವಾಡುತ್ತಿದ್ದರು. ಹಿಂದಿನ ದಿನ ಮುನೀಂದ್ರನ ಮನೆಯ ಊಟದ ಮೇಜಿನ ಮೇಲೆ ಪುಟ್ಟ ಸಿಪಾಯಿ ಗೊಂಬೆಗಳನ್ನಿಟ್ಟು ಮುಳಬಾಗಿಲು ಯುದ್ಧ ಆಡಿದ್ದರಂತೆ. ಮುನೀಂದ್ರ ಹೈದರಾಲಿಯ ಕಡೆ, ವೇಣು ಇಂಗ್ಲಿಷರ ಕಡೆ.

"ಆವತ್ತು ಇಂಗ್ಲಿಷ್ನೋರು 'ಸ್ಮಿತ್ ಬಂದ' ಅಂತ ಸುಳ್ಳೇ ಕೂಗಿದ್ಕೆ, ಆ ಸೇನಾಪತಿ ಇನ್ನೊಂದು ದಂಡು ತಂದ ಅಂತ ಹೈದರಾಲಿ ಇಂದಕ್ಕೋದ. ನಾನೂ ಕೂಗ್ದೆ. ನೀನ್ಯಾಕ್ಲಾ ಓಗ್ಲಿಲ್ಲ?" ಎಂದ ವೇಣು.

"ಸುಳ್ಳು ಅಂತ ನಂಗೊತ್ತಲ್ಲ! ನಂಬಿದ್ದು ನಮ್ಮಮ್ಮ ಒಬ್ಳೇ. ಊರಿಗಾಂ ಸ್ಮಿತ್ ಮೇಷ್ಟ್ರು ಬಂದ್ರು ಅಂದ್ಕೊಂಡು ಕಾಫಿ ತಂದ್ಲು. ಲೋಟ ಇಡಾಕೆ ಜಾಗ ಇಲ್ಲ ಅಂತ ನನ್ನ ದಂಡನ್ನೆಲ್ಲ ಬಾಚಿ ಕಿಟಕಿಗಿಟ್ಲು."

"ಅಂಗಾದ್ರೆ ಇಂದಕ್ಕೋದಂಗೇ ಆಯ್ತು. ಗೆದ್ದೋನು ನಾನೇ."

"ಮೋಸ ಕಣ್ಲಾ! ಮೇಷ್ಟ್ರ ಕಾಫೀನೂ ನೀನೇ ಕುಡ್ದೆ."

"ಗೆದ್ದೋನು ಕುಡೀದೆ ಇನ್ಯಾರ್ಲಾ ಕುಡೀತಾರೆ?" ಎನ್ನುತ್ತ ವೇಣು ಬಂಗಾರಪೇಟೆಯಲ್ಲಿ ಇಳಿದ. ಮುನೀಂದ್ರ ಬೈಯುತ್ತಲೇ ಹಿಂದೆ ಓಡಿದ.