ವಾಪಸ್ ಕೊಟ್ಟ ಜಾಗ

ನಗು, ನಗು... ಅಲ್ಲ ಅಕ್ಕ, ಇದರಲ್ಲಿ ನಗೋದೇನು ಬಂತು? ಇಪ್ಪತ್ತೊಂದು ವರ್ಷ! ಇಪ್ಪತ್ತೊಂದು ವರ್ಷ ಒಂದೇ ಭಾಷೇಲಿ ಪ್ರೋಗ್ರಾಮ್ ಬರೆದು ಬರೆದು ಬೆರಳು ಸವೆಸಿದೀನಿ. ನಿಮ್ಮ ಆಸ್ಪತ್ರೇಲಿ ರೋಗಿಗಳ ಕೈಗೆ ಹನಿಹನಿಯಾಗಿ ಔಷಧಿ ಬಿಡೋ ಪಂಪ್ ಇದೆಯಲ್ಲ, ಅದರ ಹೊಟ್ಟೇಲಿ ಕೂತಿರೋದು ನಾನು ಬರೆದದ್ದೇ. ಈಗ ಬಂದು ಹೇಳ್ತಾರೆ, ‘ಆ ಭಾಷೆ ಹಳೇದಾಯ್ತು ಸಾರ್, ಅದನ್ನ ನಂಬೋ ಹಾಗಿಲ್ಲ. ಹೊಸದು ಕಲೀರಿ, ಪಂಪ್‌ದು ಪೂರ್ತಿ ಅದರಲ್ಲೇ ಮತ್ತೆ ಬರೀರಿ’ ಅಂತ. ಥೂ! ಕೂದಲು ನೆರೆತ ಮೇಲೆ ಅ ಆ ಇ ಈ!

ಕಲಿಸೋಕೆ ಒಬ್ಬ ಮೇಡಂ. ನಾನು ಕೆಲಸಕ್ಕೆ ಸೇರಿದಾಗ ಅವಳಿಗೆ ಹಾಲುಹಲ್ಲು ಬಿದ್ದಿತ್ತೋ ಇಲ್ವೋ. ಬೆಳಿಗ್ಗೆ ಒಂಬತ್ತಕ್ಕೆ ಕೂತೆ ಅಕ್ಕ. ಅದನ್ನ ಇಳಿಸ್ಕೋ, ಇದನ್ನ ಇಳಿಸ್ಕೋ, ಅದಕ್ಕೆ ಇದು ಹೊಂದಲ್ಲ, ಇದಕ್ಕೆ ಅದು ಹೊಂದಲ್ಲ... ಊಟದ ಹೊತ್ತಿಗೆ ಪರದೆ ಮೇಲೆ ‘ನಮಸ್ಕಾರ’ ಅಂತ ಒಂದು ಪದ ಬಂತು. ಒಂದೇ ಒಂದು ಪದ! ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮಗು ಮೊದಲ ಹೆಜ್ಜೆ ಇಟ್ಟ ಹಾಗೆ. ಅಸಹ್ಯ ಆಗೋಯ್ತು ನಂಗೆ.

ಮತ್ತೆ ನಗ್ತೀಯ!

ಆ ದಿಂಬಿನ ಕವರು ಆಮೇಲೆ ಹೊಲಿಯುವಂತೆ, ಕೇಳು ಇಲ್ಲಿ. ನಾವು ಬರೆದದ್ದನ್ನ ಯಂತ್ರಕ್ಕೆ ತಿಳಿಯೋ ಹಾಗೆ ಮಾಡಿಕೊಡೋಕೆ ಕಂಪೈಲರ್ ಅಂತ ಒಂದಿರುತ್ತೆ. ನನ್ನ ಹಳೇ ಭಾಷೇದು ಗುಣದಲ್ಲಿ ಬಂಗಾರ. ಏನು ಕೊಟ್ರೂ ‘ಆಯ್ತಪ್ಪ’ ಅಂತ ನುಂಗಿಕೊಳ್ತಿತ್ತು. ಇದು? ಅತ್ತೆ! ಶುದ್ಧ ಅತ್ತೆ! ಕೂತ್ರೆ ತಪ್ಪು, ನಿಂತ್ರೆ ತಪ್ಪು. ಎರಡು ಸಾಲು ಬರೆದ್ರೆ ಹನ್ನೊಂದು ಸಾಲು ಬೈಗುಳ. ಬೈಯೋದು ಬೈದು, ಕೊನೇಲಿ ವಿನಯ ಬೇರೆ... ‘ಬಹುಶಃ ನೀವು ಹೀಗೆ ಬರೆಯಲು ಹೊರಟಿದ್ದಿರಾ?’ ಕಪಾಳಕ್ಕೆ ಬಾರಿಸಿ, ನೋವಾಯ್ತಾ ಕಂದ ಅಂತ ಕೇಳಿದ ಹಾಗೆ!

ಅದರ ಕಾನೂನು ಕೇಳ್ಬೇಕು ನೀನು. ಮೆಮೊರೀಲಿ ಏನೇ ಇಟ್ರೂ ಅದಕ್ಕೆ ಒಬ್ಬನೇ ಯಜಮಾನ. ಮಿಕ್ಕವರು ಎರವಲು ತಗೋಬಹುದು, ಅಷ್ಟೇ. ಯಜಮಾನ ಆ ಜಾಗ ವಾಪಸ್ ಕೊಟ್ಟ ಅಂದ್ರೆ ಮುಗೀತು, ಆಮೇಲೆ ಯಾರೂ ಅದನ್ನ ಮುಟ್ಟೋ ಹಾಗಿಲ್ಲ. ಮುಟ್ಟೋ ಹಾಗೆ ಬರೆದಿದ್ಯೋ, ಪ್ರೋಗ್ರಾಮ್ ಶುರುವೇ ಆಗಲ್ಲ.

ತಲೆಗೆ ಹೋಗ್ಲಿಲ್ವಾ? ನಿನ್ನ ವಾರ್ಡ್ ನೆನೆಸ್ಕೋ. ಏಳನೇ ಹಾಸಿಗೆಯವರು ಮನೆಗೆ ಹೋದ್ರು. ಅಲ್ಲಿ ಬೇರೆ ಯಾರೋ ಬಂದು ಮಲಗಿದ್ರು. ಡಾಕ್ಟರು ಹಳೇ ಚೀಟಿ ಹಿಡ್ಕೊಂಡು ಬಂದು ಏಳನೇ ಹಾಸಿಗೆಗೆ ಸೂಜಿ ಚುಚ್ಚಿದ್ರೆ? ... ಹಾಂ, ಅದೇ. ನನ್ನ ಹಳೇ ಭಾಷೆ ಚುಚ್ಚೋಕೆ ಬಿಡುತ್ತೆ. ಇದು ಡಾಕ್ಟರನ್ನ ಬಾಗಿಲಲ್ಲೇ ತಡೆಯುತ್ತೆ.

ಒಳ್ಳೇದೇ ಅಲ್ವಾ ಅಂತೀಯ? ನೀನೂ ಅವರ ಕಡೇನಾ!

... ಅಕ್ಕ. ಬೇಜಾರಾಯ್ತಾ? ವಾರ್ಡ್ ಮಾತು ಎತ್ತಬಾರದಿತ್ತು ನಾನು. ಮೂರು ವರ್ಷ ಆಯ್ತಲ್ಲ, ನರ್ಸ್ ಟೋಪಿ ತೆಗೆಸಿ ಆ ಚಾದರ ಮಡಚೋ ಕೋಣೆಗೆ ಹಾಕಿ... ಗೊತ್ತು, ನಿನ್ನ ವಾರ್ಡಲ್ಲಿದ್ದ ಆ ಡ್ರಾಯಿಂಗ್ ಮೇಷ್ಟ್ರು ಇನ್ನೂ ನಿನ್ನ ಕನಸಲ್ಲಿ ಬರ್ತಾರೆ ಅಂತ ಭಾವ ಹೇಳಿದ್ರು. ಅವರ ಮಗ್ಗುಲು ಬದಲಿಸೋಕೆ ಅಂತ ನೀನು ಒಂದು ನಿಮಿಷ ಪಂಪ್ ನಿಲ್ಲಿಸಿದೆ, ಮತ್ತೆ ಶುರು ಮಾಡಿದೆ. ಗಂಟೆಗೆ ಐದು ಎಂಎಲ್ ಅಂತ ಇಟ್ಟದ್ದು ಎಂಬತ್ತೇಳರ ವೇಗದಲ್ಲಿ ಹರೀತು. ನೀನು ಓಡಿ ಬರೋಷ್ಟರಲ್ಲಿ ಮೇಷ್ಟ್ರ ಉಸಿರು ನಿಂತಿತ್ತು. ‘ಐದೇ ಇಟ್ಟಿದ್ದೆ ಕಣೋ, ಐದೇ’ ಅಂತ ನೂರು ಸಲ ಹೇಳಿದೀಯ...

ಅದಕ್ಕೇ ಬಂದೆ ಇವತ್ತು. ಅದನ್ನ ಹೇಳೋಕೇ ಬಂದೆ. ನಿನ್ನ ತಪ್ಪಲ್ಲ ಅಕ್ಕ! ನಿನ್ನ ಬೆರಳಿನದಲ್ಲ! ಮಂಗಳವಾರ ಆ ನಿಲ್ಲಿಸೋ ಬಟನ್‌ನ ಭಾಗವನ್ನ ಹೊಸ ಭಾಷೇಲಿ ಬರೆದೆ. ಹಳೇದರಲ್ಲಿ ಹೇಗಿತ್ತೋ ಹಾಗೇ. ಅತ್ತೆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಳು, ‘ವಾಪಸ್ ಕೊಟ್ಟ ಜಾಗವನ್ನು ಓದುತ್ತಿದ್ದೀರಿ’ ಅಂತ. ನೋಡಿದ್ರೆ... ಪಂಪ್ ನಿಲ್ಲಿಸಿದ ತಕ್ಷಣ ವೇಗ ಬರೆದಿಟ್ಟ ಜಾಗ ವಾಪಸ್ ಹೋಗುತ್ತೆ. ಆ ಜಾಗದಲ್ಲಿ ಬ್ಯಾಟರಿ ಎಷ್ಟು ಉಳಿದಿದೆ ಅನ್ನೋ ಅಂಕಿ ಬಂದು ಕೂರುತ್ತೆ. ಮತ್ತೆ ಶುರು ಮಾಡಿದ್ರೆ ಪಂಪ್ ಅದನ್ನೇ ವೇಗ ಅಂದ್ಕೊಳ್ಳುತ್ತೆ. ಅವತ್ತು ಬ್ಯಾಟರಿ ಎಂಬತ್ತೇಳಿತ್ತು ಅಕ್ಕ! ಯಾರಿಗೂ ಗೊತ್ತಿರ್ಲಿಲ್ಲ. ಯಾರಿಗೂ! ಮಂಗಳವಾರದವರೆಗೆ.

ಅಳಬೇಡ. ಅಳಬೇಡ ಅಕ್ಕ... ಹೌದು, ಖಂಡಿತ. ಎಲ್ಲ ಸಲ ಬರಲ್ಲ ಅದು, ಅದಕ್ಕೇ ಯಾರ ಕಣ್ಣಿಗೂ ಬೀಳ್ಲಿಲ್ಲ. ನಾನೇ ಎರಡು ದಿನ ಊಟ ಬಿಟ್ಟು ನಿಲ್ಲಿಸೋದು, ಶುರು ಮಾಡೋದು, ನಿಲ್ಲಿಸೋದು, ಶುರು ಮಾಡೋದು... ನೂರಾ ನಲವತ್ತನೇ ಸಲಕ್ಕೆ ಬಂತು ನೋಡು! ದೊಡ್ಡ ಸಾಹೇಬ್ರು ಪಕ್ಕದಲ್ಲೇ ನಿಂತಿದ್ರು. ಅಂಕಿ ನೋಡಿ ಮುಖ ಸುಣ್ಣ ಆಗೋಯ್ತು. ಹೋಗಿ ಅವರೇ ಬಾಗಿಲು ಹಾಕಿ...

ಏನು? ಯಾಕೆ ಸೂಜಿ ಕೆಳಗಿಟ್ಟೆ?

ದೊಡ್ಡ ಸಾಹೇಬ್ರು ಅಂದ್ನಾ? ಅಲ್ಲ... ಈಗಿನವರು. ಹೊಸಬರು. ಅವರನ್ನೂ ಹಾಗೇ ಕರೀತೀವಿ... ಹಾಗೆ ನೋಡಬೇಡ ಅಕ್ಕ. ಹೌದು, ನಿವೃತ್ತಿ ಆದ್ರು. ಹೌದು, ಅವರ ಬೀಳ್ಕೊಡುಗೆ ಊಟಕ್ಕೆ ನಿನ್ನನ್ನೂ ಕರ್ಕೊಂಡು ಹೋಗಿದ್ದೆ. ಎರಡು ವರ್ಷ ಆಯ್ತು. ಹೌದು...

ಏನಾದ್ರೂ ಕೇಳು. ಬಾಯಿಗೆ ಬಂದ ಹಾಗೆ ಬೈ.

ಸರಿ. ಮಂಗಳವಾರ ಅಲ್ಲ. ಮೇಷ್ಟ್ರು ತೀರಿಕೊಂಡ ವಾರವೇ. ‘ಈ ಮಾತು ಹೊರಗೆ ಹೋದ್ರೆ ಕಂಪನಿ ಮುಚ್ಚುತ್ತೆ, ಮೊದಲು ನೀನು ಜೈಲಿಗೆ ಹೋಗ್ತೀಯ’ ಅಂದ್ರು. ನಾನು ಆ ಸಾಲಿನ ಮೇಲೆ ಒಂದು ತೇಪೆ ಹಾಕಿದೆ. ಸದ್ದಿಲ್ಲದೆ ಎಲ್ಲ ಆಸ್ಪತ್ರೆಗೂ ಕಳಿಸಿದ್ವಿ. ಮತ್ತೆ ಯಾರಿಗೂ ಏನೂ ಆಗ್ಲಿಲ್ಲ... ಅಷ್ಟು ಸಾಕು ಅಂದ್ಕೊಂಡೆ. ಹೇಸಿಗೆ... ನನಗೇ ಹೇಸಿಗೆ ಕಣೆ. ಆ ತೇಪೆ ಪಕ್ಕ ತಾರೀಕಿದೆ, ನನ್ನ ಹೆಸರಿದೆ. ಮಂಗಳವಾರ ಮೇಡಂ ಅದನ್ನ ಓದಿದಳು. ಬೆರಳಿಟ್ಟು ಕೇಳಿದಳು, ‘ಸಾರ್, ಇದು ಗೊತ್ತಾಗಿದ್ದು ಹೇಗೆ? ಯಾರಿಗಾದ್ರೂ ಏನಾದ್ರೂ ಆಗಿತ್ತಾ?’ ಅಂತ. ಸೋಮವಾರ ಮೇಲಿನವರಿಗೆ ಬರೀತಾಳಂತೆ.

ಅದಕ್ಕೆ ಓಡಿ ಬಂದೆನಾ? ... ಅದಕ್ಕೇ ಬಂದೆ.

ಎಲ್ಲಿಗೆ ಎದ್ದೆ? ಕೂತ್ಕೋ. ಅಕ್ಕ, ಕೂತ್ಕೋ... ಭಾವನ್ನ ಕರೀಬೇಡ ಈಗ. ನೀನು ಏನು ಯೋಚಿಸ್ತಿದ್ದೀಯ ಅಂತ ಗೊತ್ತು ನಂಗೆ. ಮೇಷ್ಟ್ರ ಸಾವಿನ ವಿಚಾರಣೆ ದಿನ. ಹೊರಗಡೆ ಬೆಂಚಲ್ಲಿ ಕೂತಿದ್ವಿ. ನೀನು ನನ್ನ ತೋಳು ಹಿಡ್ಕೊಂಡು, ‘ಒಂದು ವೇಳೆ ನನ್ನ ಬೆರಳೇ ಜಾರಿತೇನೋ? ಒಳಗೆ ಹೋಗಿ ಹಾಗೇ ಒಪ್ಕೊಂಡು ಬಿಡ್ಲಾ?’ ಅಂತ ಕೇಳಿದೆ. ನಾನು...

‘ಇರಬಹುದು ಅಕ್ಕ, ಒಪ್ಕೋ’ ಅಂದೆ.

ತೇಪೆ ಹಾಕಿ ಆಗಲೇ ನಾಲ್ಕು ದಿನ ಆಗಿತ್ತು.