ಹೆಲ್ಮೆಟ್ಟಿನ ಮುಂಭಾಗ ತೆರೆದಿದ್ದ ಬಗ್ಗೆ

ನಾನು ಶ್ರೀವಿದ್ಯಾ, ಗಂಡನ ಹೆಸರು ಭರತೇಶ, ವಯಸ್ಸು 31 ವರ್ಷ, ಮೈಸೂರಿನಲ್ಲಿ ಎಂ.ಎಸ್ಸಿ. ಓದಿದ್ದೇನೆ, ಹೆರಿಗೆ ರಜೆ ಮುಗಿದರೂ ಕೆಲಸಕ್ಕೆ ಮರಳಿಲ್ಲ, ಈಗ ವಾಸ ಈ ದೇಶದ ವಿಟ್ಬಿ ಪಟ್ಟಣದಲ್ಲಿ, ಟಾಂಟನ್ ರಸ್ತೆಯ ಉತ್ತರಕ್ಕಿರುವ ಟೌನ್‌ಹೌಸುಗಳಲ್ಲಿ. ನನಗೆ ಇಂಗ್ಲಿಷ್ ಬರುತ್ತದೆ. ಆದರೆ ಐದು ದಿನದಿಂದ ನಿದ್ದೆ ಇಲ್ಲ, ಮಾತು ತಪ್ಪಬಾರದೆಂದು ಕನ್ನಡದಲ್ಲಿ ಬರೆದುಕೊಡುತ್ತೇನೆಂದು ಕೇಳಿದೆ, ಅಧಿಕಾರಿಗಳು ಒಪ್ಪಿದರು. ನನ್ನ ಗಂಡನ ಮೋಟಾರ್‌ಸೈಕಲ್ ಅಪಘಾತದ ವಿಚಾರದಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಯೂನಿಯನ್‌ವಿಲ್ ಹತ್ತಿರದ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಇಂಜಿನಿಯರ್. ಬೇಸಿಗೆಯಲ್ಲಿ ಬೈಕಿನಲ್ಲಿ ಹೋಗುತ್ತಾರೆ. ಅವರ ಹೆಲ್ಮೆಟ್ ಮುಖವನ್ನು ಪೂರ್ತಿ ಮುಚ್ಚುವಂಥದು. ಗದ್ದದ ಹತ್ತಿರ ಇರುವ ಗುಂಡಿ ಒತ್ತಿದರೆ ಮುಂಭಾಗವೆಲ್ಲ ಗಾಜಿನ ಸಮೇತ ಹಣೆಯ ಮೇಲಕ್ಕೆ ಏಳುತ್ತದೆ. ಮೇ ತಿಂಗಳಲ್ಲಿ ಅವರು ಅದನ್ನು ಹಾಕಿಕೊಂಡು ಅಡುಗೆಮನೆಗೆ ಬಂದಾಗ ಒಂದು ವರ್ಷದ ನಮ್ಮ ಮಗಳು ದಿಶಾ ಕಿರುಚಿ ನನ್ನ ಕಾಲು ಹಿಡಿದುಕೊಂಡಳು. ಅವರು ಮುಂಭಾಗ ಎತ್ತಿ, "ಗುಮ್ಮ ಹೋದ, ಅಪ್ಪ ಬಂದ" ಎಂದರು. ಮಗು ನಕ್ಕಿತು. ಅಂದಿನಿಂದ ಅದು ದಿನದ ಆಟವಾಯಿತು. ಬೆಳಿಗ್ಗೆ 7.40ಕ್ಕೆ ಅವರು ಹೊರಡುವಾಗ ನಾನು ಮಗುವನ್ನು ಎತ್ತಿಕೊಂಡು ಮೇಲಿನ ಕಿಟಕಿಯಲ್ಲಿ ನಿಲ್ಲುತ್ತಿದ್ದೆ. ಅವಳಿಗೆ ಮುಖ ಕಾಣಲೆಂದು ಅವರು ತಿರುವಿನ ಅಂಚೆ ಪೆಟ್ಟಿಗೆಗಳವರೆಗೆ, ಸುಮಾರು 60 ಮೀಟರ್, ಮುಂಭಾಗ ತೆರೆದುಕೊಂಡೇ ಹೋಗುತ್ತಿದ್ದರು. ಅಲ್ಲಿ ಮುಚ್ಚುತ್ತಾರೆಂದು ನಾನು ತಿಳಿದಿದ್ದೆ.

ಜೂನ್ 17ರಂದು ನಾನು ಮಗುವಿನ ಜ್ವರದ ಔಷಧಿಗೆಂದು ಕಾರಿನಲ್ಲಿ ಅವರ ಹಿಂದೆಯೇ ಹೊರಟೆ. ಟಾಂಟನ್ ರಸ್ತೆಯ ಸಿಗ್ನಲ್ಲಿನಲ್ಲಿ ಅವರು ನನ್ನ ಮುಂದೆ ಎರಡು ಕಾರುಗಳ ಆಚೆ ಇದ್ದರು. ಮುಂಭಾಗ ತೆರೆದೇ ಇತ್ತು. ಹಸಿರು ಬಿದ್ದ ಮೇಲೂ ಮುಚ್ಚಲಿಲ್ಲ. ಸಂಜೆ ಕೇಳಿದಾಗ ಸೆಕೆ ಎಂದರು, ಕನ್ನಡಕಕ್ಕೆ ಹಬೆ ಕಟ್ಟುತ್ತದೆ ಎಂದರು. ನಾನು ಬಿಡಲಿಲ್ಲ. ಕಡೆಗೆ, ಹಾಗೆ ಓಡಿಸಬಾರದು ಅಂತ ರೂಲ್ ಎಲ್ಲಿದೆ ತೋರಿಸು, ಇವತ್ತಿನಿಂದಲೇ ಮುಚ್ಚುತ್ತೇನೆ ಎಂದರು.

ಇದು ಅವರ ಸ್ವಭಾವ. ಖಾಲಿ ಬೀದಿಯ ಸ್ಟಾಪ್ ಸೈನಿನಲ್ಲೂ ಪೂರ್ತಿ ನಿಲ್ಲಿಸಿ ಎರಡೂ ಕಡೆ ನೋಡುತ್ತಾರೆ. ನಮ್ಮ ಸಿಟಿಜನ್‌ಶಿಪ್ ಅರ್ಜಿ ಇನ್ನೂ ಬಾಕಿ ಇದೆ, ಒಂದು ಪಾರ್ಕಿಂಗ್ ಟಿಕೆಟ್ ಕೂಡ ಬರಬಾರದು ಎನ್ನುತ್ತಾರೆ. ನನ್ನ ಮಾತಿಗೆ ಮಣಿಯದವರು ಕಾನೂನಿಗೆ ಮಣಿಯುತ್ತಾರೆ. ನಾನು ಮಗುವಿಗೆ ಹಾಲು ಕುಡಿಸುತ್ತ ಫೋನಿನಲ್ಲಿ ಹುಡುಕಿದೆ. ಒಬ್ಬರು ತೆರೆದು ಓಡಿಸಬಹುದು ಎಂದು ಬರೆದಿದ್ದರು, ಇನ್ನೊಬ್ಬರು ತೆರೆದ ಸ್ಥಿತಿಯಲ್ಲೂ ಪರೀಕ್ಷೆಯಾದ ಹೆಲ್ಮೆಟ್ಟಾದರೆ ಮಾತ್ರ ಎಂದಿದ್ದರು. ನನಗೆ ಬೇಕಿದ್ದದ್ದು ಸಿಗಲಿಲ್ಲ.

ಜೂನ್ 23ರಂದು ಬೆಳಿಗ್ಗೆ ನಾನೇ ಪೊಲೀಸರ ಸಾಮಾನ್ಯ ದೂರಿನ ನಂಬರಿಗೆ ಫೋನ್ ಮಾಡಿದೆ. ಬೈಕಿನ ನಂಬರ್, ಹೊರಡುವ ಸಮಯ, ಹೋಗುವ ರಸ್ತೆ ಎಲ್ಲ ಹೇಳಿದೆ. ಗಂಡ ಎಂದು ಹೇಳಲಿಲ್ಲ. ದಂಡ ಹಾಕಿದರೆ ಸಾಕು, ಮುಚ್ಚುತ್ತಾರೆ ಎಂದುಕೊಂಡಿದ್ದೆ.

ಮರುದಿನ 7.50ಕ್ಕೆ ಅವರನ್ನು ನಿಲ್ಲಿಸಿದ್ದು ಈಗ ಈ ಹೇಳಿಕೆ ತೆಗೆದುಕೊಳ್ಳುತ್ತಿರುವ ಅಧಿಕಾರಿಯೇ. ಸಂಜೆ ಗಂಡ ಜಿಲೇಬಿ ಪೊಟ್ಟಣ ಹಿಡಿದು ಬಂದರು. "ಪೊಲೀಸ್ ಸರ್ಟಿಫಿಕೇಟ್ ಸಿಕ್ತು ಕಣೇ ಲಾಯರಮ್ಮ. ಹೆಲ್ಮೆಟ್ ಅಪ್ರೂವ್ಡು, ಸ್ಟ್ರ್ಯಾಪ್ ಟೈಟು, ಮುಂದಿಂದು ತೆಗೆದಿದ್ರೆ ಇಲ್ಲೀಗಲ್ ಅಲ್ವಂತೆ" ಎಂದರು. ಯಾರೋ ದೂರು ಕೊಟ್ಟಿದ್ದಾರೆಂದು ಪೊಲೀಸರು ಹೇಳಿದ್ದರಂತೆ. ಅದು ಪಕ್ಕದ ಮನೆಯ ನಿವೃತ್ತ ಡಾಕ್ಟರ್ ಚಂದ್ರಮೋಹನ ಎಂದು ಅವರೇ ತೀರ್ಮಾನಿಸಿದರು. ಬೈಕ್ ಕಂಡಾಗಲೆಲ್ಲ ಆ ಮುದುಕಪ್ಪ ತಲೆ ಅಲ್ಲಾಡಿಸ್ತಾನೆ ಎಂದರು. ಅವರಿಗೆ ನಮಸ್ಕಾರ ಮಾಡುವುದನ್ನು ಬಿಟ್ಟರು. ನಾನು ಜಿಲೇಬಿ ತಿಂದೆ. ಆಮೇಲೆ ಅವರು ಹೋಗುವಾಗಲೂ ಬರುವಾಗಲೂ ತೆರೆದುಕೊಂಡೇ ಓಡಿಸಿದರು. ನಾನು ಬಾಯಿ ತೆಗೆದರೆ, ಪೊಲೀಸರಿಗಿಂತ ನೀನು ಹೆಚ್ಚಾ ಎನ್ನುತ್ತಿದ್ದರು.

ಜುಲೈ 9, ಬುಧವಾರ, 7.40ಕ್ಕೆ ಹೊರಟರು. ಅಂಚೆ ಪೆಟ್ಟಿಗೆಗಳವರೆಗೆ ಹೆಲ್ಮೆಟ್ ತೆರೆದಿದ್ದುದನ್ನು ನಾನು ನೋಡಿದ್ದೇನೆ. ತಿರುವಿನ ಆಚೆ ನೋಡಿಲ್ಲ. 8.25ಕ್ಕೆ ಪೊಲೀಸರ ಫೋನ್ ಬಂತು. ಎದುರಿನಿಂದ ಬಂದ ಡೆಲಿವರಿ ವ್ಯಾನು ಇವರ ದಾರಿಗೆ ಅಡ್ಡವಾಗಿ ತಿರುಗಿತು, ಇವರು ಅದರ ಬದಿಗೆ ಗುದ್ದಿ ಮುಖ ಅಡಿಯಾಗಿ ಬಿದ್ದರು ಎಂದು ತಿಳಿಸಿದರು. ದವಡೆ ನಾಲ್ಕು ಕಡೆ ಮುರಿದಿದೆ. ಕೆಳಗಿನ ಹಲ್ಲುಗಳಿಲ್ಲ. ನಾಲಿಗೆಗೆ ಹೊಲಿಗೆ ಹಾಕಿದ್ದಾರೆ. ಮೊದಲಿನ ಹಾಗೆ ಮಾತು ಬರುತ್ತದೆಂದು ಆಸ್ಪತ್ರೆಯ ಡಾಕ್ಟರು ಹೇಳಲಿಲ್ಲ, ನಾನು ಎರಡು ಸಲ ಕೇಳಿದೆ.

ಜುಲೈ 10ರಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಇದೇ ಅಧಿಕಾರಿ ನನಗೆ ಹೆಲ್ಮೆಟ್ ತೋರಿಸಿದರು. ಅದು ಅವರದೇ. ಮುಂಭಾಗ ಮೇಲಕ್ಕೆದ್ದಿತ್ತು. ಗದ್ದಕ್ಕೆ ಅಡ್ಡ ಬರಬೇಕಾದ ಆ ಪಟ್ಟಿಯ ಮೇಲೆ ಒಂದು ಗೀರೂ ಇರಲಿಲ್ಲ. ಅಂದು ನಿಲ್ಲಿಸಿದಾಗ ಏನು ಹೇಳಿದಿರಿ ಎಂದು ಕೇಳಿದೆ. ಕಾನೂನಿನಲ್ಲಿ ತಡೆಯಿಲ್ಲ ಎಂದೆ, ಆದರೆ ನಿನ್ನ ಜಾಗದಲ್ಲಿ ನಾನಿದ್ದರೆ ಮುಚ್ಚಿಕೊಳ್ಳುತ್ತೇನೆ ಎಂದೂ ಹೇಳಿದೆ ಎಂದರು. ಆ ಎರಡನೆಯ ಮಾತನ್ನು ನನ್ನ ಗಂಡ ಮನೆಗೆ ತಂದಿರಲಿಲ್ಲ.

ಜುಲೈ 12ರಂದು ನರ್ಸ್ ಅವರ ಕೈಗೆ ಬರೆದು ಅಳಿಸುವ ಹಲಗೆ ಕೊಟ್ಟರು. ಅವರು ಬರೆದ ಮೊದಲ ಮಾತು, "ಮುಚ್ಚಿತ್ತು ಅಂತ ಹೇಳು." ವ್ಯಾನಿನವರ ಇನ್ಶೂರೆನ್ಸಿನವರು ತೆರೆದಿದ್ದೇ ಇವರ ತಪ್ಪು ಎನ್ನುತ್ತಾರೆಂಬ ಭಯ ಅವರಿಗಿರಬಹುದು. ಇಲ್ಲೀಗಲ್ ಅಲ್ವಲ್ಲ ರೀ, ಮತ್ಯಾಕೆ ಸುಳ್ಳು ಹೇಳಬೇಕು ಎಂದು ಕೇಳಿದೆ. ಅವರು ಹಲಗೆಯನ್ನು ಎದೆಯ ಮೇಲೆ ಬೋರಲು ಹಾಕಿಕೊಂಡರು.

ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಅದು ತೆರೆದಿತ್ತು. ಕಾನೂನಿಗೆ ವಿರುದ್ಧವಾಗಿರಲಿಲ್ಲ. ವಿರುದ್ಧವಾಗಿದ್ದರೆ ಅವರು ಮುಚ್ಚುತ್ತಿದ್ದರು. ಫೋನ್ ಮಾಡಿದ್ದು ಡಾಕ್ಟರ್ ಚಂದ್ರಮೋಹನ ಅಲ್ಲ, ನಾನು. ಅಪಘಾತದ ದಿನದಿಂದ ನನ್ನ ಮಗುವನ್ನು ನೋಡಿಕೊಳ್ಳುತ್ತಿರುವವರು ಆ ಡಾಕ್ಟರೇ, ಈಗಲೂ ಅದು ಅವರ ಮನೆಯಲ್ಲೇ ಇದೆ. ಈ ಹೇಳಿಕೆಯ ಪ್ರತಿ ನನ್ನ ಗಂಡ ಕೇಳಿದರೆ ಅವರಿಗೂ ಸಿಗಬಹುದೆಂದು ಅಧಿಕಾರಿ ಎಚ್ಚರಿಸಿದ್ದಾರೆ. ಸಿಗಲಿ.

ನಿನ್ನೆ, ಜುಲೈ 13, ಭಾನುವಾರ, ಮಧ್ಯಾಹ್ನ 3 ಗಂಟೆಗೆ ದಿಶಾಳನ್ನು ಮೊದಲ ಸಲ ಆಸ್ಪತ್ರೆಗೆ ಕರೆದೊಯ್ದೆ. ಅವರ ಮುಖಕ್ಕೆ ಮೂಗಿನಿಂದ ಕೆಳಗೆಲ್ಲ ಬ್ಯಾಂಡೇಜು. ಮಗು ನೋಡಿ ಕಿರುಚಿ ನನ್ನ ಹೆಗಲಲ್ಲಿ ಮುಖ ಮುಚ್ಚಿಕೊಂಡಿತು. ಆಗ ನನ್ನ ಗಂಡ ಬಲಗೈಯನ್ನು ಗದ್ದದ ಹತ್ತಿರ ತಂದು, ದಿನವೂ ಗುಂಡಿ ಒತ್ತುತ್ತಿದ್ದ ಜಾಗದಲ್ಲಿ ಹೆಬ್ಬೆರಳು ಒತ್ತಿ, ಮೆಲ್ಲಗೆ ಕೈಯನ್ನು ಹಣೆಯವರೆಗೆ ಎತ್ತಿದರು. ಮಗು ತಿರುಗಿ ನೋಡಿ ಕಾಯಿತು. ಅವರು ಇನ್ನೊಮ್ಮೆ ಎತ್ತಿದರು.

ಮೇಲೆ ಬರೆದದ್ದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು. ಯಾರ ಒತ್ತಾಯವೂ ಇಲ್ಲದೆ ಬರೆದು, ಓದಿ ನೋಡಿ, ನಿಜವೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ವಿಟ್ಬಿ
ದಿನಾಂಕ: 14 ಜುಲೈ 2025
ಸಹಿ: ಶ್ರೀವಿದ್ಯಾ ಭರತೇಶ